ಫಾರ್ಮ್ಯಾಟ್ ಮಾಡಿಸುವ ಮುನ್ನ ಪರದೆ ಓದೋಣ

ಉದ್ಯೋಗದ ಅರ್ಜಿ ಸಲ್ಲಿಸಲು ಇಂದೇ ಕೊನೆಯ ದಿನ. ಮೊಬೈಲ್‌ನಲ್ಲಿ ಇಂಟರ್‌ನೆಟ್ ಸಲೀಸಾಗಿ ಬರುತ್ತಿದೆ. ಅದೇ ವೈಫೈ ಇರುವ ಕಂಪ್ಯೂಟರಿನಲ್ಲಿ ಮಾತ್ರ ಒಂದು ಪುಟವೂ ತೆರೆಯುತ್ತಿಲ್ಲ. ಪರದೆಯ ಮೇಲೆ ‘ಪ್ರಾಕ್ಸಿ ಕನೆಕ್ಷನ್ ಫೇಲ್ಡ್’ ಎಂಬ ಸಾಲು. ಆಗ ನಾವು ಮಾಡುವುದೇನು? ರೌಟರ್ ಆಫ್ ಮಾಡಿ ಆನ್ ಮಾಡುತ್ತೇವೆ. ಬ್ರೌಸರ್ ತೆಗೆದು ಮತ್ತೆ ಹಾಕುತ್ತೇವೆ. ಕೊನೆಗೆ ‘ವಿಂಡೋಸ್ ಹಾಳಾಗಿದೆ’ ಎಂದು ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಹೊತ್ತೊಯ್ಯುತ್ತೇವೆ. ಪರದೆ ಹೇಳಿದ ಆ ಒಂದು ಸಾಲನ್ನು ಮಾತ್ರ ಓದುವುದಿಲ್ಲ.

ಪ್ರಾಕ್ಸಿ ಎಂದರೆ ಮಧ್ಯವರ್ತಿ. ಬ್ರೌಸರ್ ಕೇಳಿದ್ದನ್ನು ಹೊರಗಿನಿಂದ ತಂದುಕೊಡುವುದು ಅದರ ಕೆಲಸ. ಹಲವು ಕಾಲೇಜು, ಹಾಸ್ಟೆಲ್‌ಗಳಲ್ಲಿ ಇಂಟರ್‌ನೆಟ್ ಸಿಗುವುದು ಇದರ ಮೂಲಕವೇ. ಹಾಸ್ಟೆಲ್ ಖಾಲಿ ಮಾಡಿ ಮನೆಗೆ ತಂದ ಕಂಪ್ಯೂಟರಿನಲ್ಲಿ ಆ ಹಳೆಯ ವಿಳಾಸ ಉಳಿದಿದ್ದರೆ, ಅದು ಅಲ್ಲಿ ಇಲ್ಲದ ಮಧ್ಯವರ್ತಿಯನ್ನೇ ಹುಡುಕುತ್ತಿರುತ್ತದೆ. ಪ್ರಾಕ್ಸಿ ಆ್ಯಪ್ ಬಳಸುವವರದ್ದೂ ಇದೇ ಪಾಡು. ಇಂಥ ಹಲವು ಆ್ಯಪ್‌ಗಳು ವಿಂಡೋಸ್‌ಗೆ 127.0.0.1 ಎಂಬ ವಿಳಾಸ ಕೊಡುತ್ತವೆ. ಅದು ನಮ್ಮ ಕಂಪ್ಯೂಟರಿನದೇ ವಿಳಾಸ. ಕರೆಂಟ್ ಹೋಗಿ ಆ್ಯಪ್ ತಟ್ಟನೆ ನಿಂತರೆ ಸೆಟ್ಟಿಂಗ್ ಹಾಗೆಯೇ ಉಳಿಯಬಹುದು. ಆಗ ಉತ್ತರಿಸುವವರೇ ಇಲ್ಲದ ಬಾಗಿಲನ್ನು ಬ್ರೌಸರ್ ತಟ್ಟುತ್ತಿರುತ್ತದೆ.

ಪರಿಹಾರಕ್ಕಿಂತ ಮೊದಲು ಪ್ರಶ್ನೆ ಬೇಕು. ತೊಂದರೆ ಎಲ್ಲ ಬ್ರೌಸರ್‌ಗಳಲ್ಲೂ ಇದೆಯೇ? ಕ್ರೋಮ್, ಎಡ್ಜ್‌ಗಳು ವಿಂಡೋಸ್‌ನ ಸೆಟ್ಟಿಂಗನ್ನೇ ಅನುಸರಿಸುತ್ತವೆ. ಫೈರ್‌ಫಾಕ್ಸ್‌ನಲ್ಲಿ ಬೇರೆಯದನ್ನು ಹಾಕಿಕೊಳ್ಳಬಹುದು. ಸೆಟ್ಟಿಂಗ್ಸ್‌ನ ‘ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್’ನಲ್ಲಿ ‘ಪ್ರಾಕ್ಸಿ’ ತೆರೆದು ನೋಡಿ. ಮನೆಯಲ್ಲಿ ಪ್ರಾಕ್ಸಿ ಬೇಕಿಲ್ಲವೆಂದಾದರೆ ಅಲ್ಲಿ ಅದನ್ನು ಆಫ್ ಮಾಡಿದರೆ ಸಾಕು. ಕಾಲೇಜಿನಲ್ಲಿದ್ದರೆ ವಿಳಾಸ ಮತ್ತು ಪೋರ್ಟ್ ಸರಿಯೇ ಎಂದು ತಾಳೆ ನೋಡಿ. 3128ರ ಬದಲು 3182 ಎಂದಿದ್ದರೂ ಕೆಲಸ ಕೆಡುತ್ತದೆ. 407 ಎಂಬ ಸಂಖ್ಯೆ ಕಂಡರೆ ಗಾಬರಿ ಬೇಡ. ಪ್ರಾಕ್ಸಿಯವರೆಗೆ ತಲುಪಿದ್ದೇವೆ, ಅದು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ ಎಂದಷ್ಟೇ ಅರ್ಥ. ಏನೇ ಬದಲಿಸುವ ಮುನ್ನ ಹಳೆಯದನ್ನು ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಅವಸರದಲ್ಲಿ ಎಲ್ಲೋ ಸಿಕ್ಕ ಉಚಿತ ಪ್ರಾಕ್ಸಿ ವಿಳಾಸ ಹಾಕಿಕೊಳ್ಳುವುದು ಮಾತ್ರ ಬೇಡ. ನಾವು ಯಾವ ತಾಣಗಳಿಗೆ ಹೋಗುತ್ತೇವೆಂಬುದು ಆ ಅಪರಿಚಿತ ಮಧ್ಯವರ್ತಿಗೆ ತಿಳಿಯುತ್ತದೆ. ‘ಎಚ್‌ಟಿಟಿಪಿಎಸ್’ ಇಲ್ಲದ ಪುಟದಲ್ಲಾದರೆ ತುಂಬಿದ ಪಾಸ್‌ವರ್ಡನ್ನೂ ಅವನು ಓದಬಹುದು. ಅಂಕಪಟ್ಟಿ, ಆಧಾರ್ ಪ್ರತಿ ಅಪ್‌ಲೋಡ್ ಮಾಡುವ ಉದ್ಯೋಗಾಕಾಂಕ್ಷಿಗಳು ಇದನ್ನು ಮರೆಯಬಾರದು.

ಕಾಲೇಜುಗಳೂ ಇಲ್ಲಿ ಯೋಚಿಸಬೇಕು. ಲ್ಯಾಬಿನ ಗೋಡೆಗೆ ಪ್ರಾಕ್ಸಿ ವಿಳಾಸದ ಚೀಟಿ ಅಂಟಿಸಿದರೆ ಸಾಲದು, ಅದೇಕೆ ಇದೆ ಎಂದು ಹೇಳಿಕೊಡಬೇಕು. ಕಲಿಸಿದರೆ ವಿದ್ಯಾರ್ಥಿಗಳು ನಿರ್ಬಂಧ ಮುರಿಯುತ್ತಾರೆ ಎಂಬ ಭಯ ಕೆಲವರಿಗಿದೆ. ಮುರಿಯುವವರು ಕಲಿಸದಿದ್ದರೂ ಮುರಿಯುತ್ತಾರೆ. ತೊಂದರೆ ಆಗುವುದು ಉಳಿದವರಿಗೆ. ಪಿಯುಸಿ ಓದಲಿ, ಬಿ.ಎ. ಓದಲಿ, ದೋಷ ಎಲ್ಲಿದೆ ಎಂದು ಹಂತಹಂತವಾಗಿ ಹುಡುಕುವ ಅಭ್ಯಾಸ ಯಾವ ಕೆಲಸಕ್ಕೆ ಸೇರಿದರೂ ಬೇಕು. ಸೆಮಿಸ್ಟರಿನ ಮೊದಲ ವಾರ ಇದಕ್ಕೊಂದು ಗಂಟೆ ಮೀಸಲಿಟ್ಟರೆ ಸಿಲೆಬಸ್ ಏನೂ ಹಿಂದೆ ಬೀಳದು.