ಮರುಮುದ್ರಣವಲ್ಲ, ಮರುಬಾಡಿಗೆ

ನಿವೃತ್ತ ಮಾಸ್ತರನೊಬ್ಬ ವಿಡಿಯೊ ಗೇಮಿನ ಬಗ್ಗೆ ಲೇಖನ ಬರೆಯುವುದು ಕೆಲವು ಹಿರಿಯ ಮಿತ್ರರಿಗೆ ರುಚಿಸಲಿಕ್ಕಿಲ್ಲ. ಧಾರವಾಡದಲ್ಲಿ ಕುಳಿತು ಬರೆಯುವವನಿಗೆ ಬೇಂದ್ರೆಯವರಿದ್ದಾರೆ, ಶಂಬಾ ಜೋಶಿಯವರಿದ್ದಾರೆ, ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಇವನ್ನೆಲ್ಲ ಬಿಟ್ಟು ಮೀಸೆ ಹೊತ್ತ ನಳದ ಕೆಲಸಗಾರನೊಬ್ಬ ಕುಣಿದು ಕುಪ್ಪಳಿಸುವ ಆಟವೇ ಬೇಕಾಯಿತೇ ಎಂದು ಅವರು ಕೇಳಿಯಾರು. ಬೇಕಾಯಿತು. ಒಂದು ಕೃತಿಯನ್ನು ಮತ್ತೆ ಮತ್ತೆ ಮಾರುವುದು ಬೇರೆ, ಅದನ್ನು ಉಳಿಸುವುದು ಬೇರೆ ಎಂಬ ಸರಳ ಸತ್ಯವನ್ನು ನಮ್ಮ ಕಾಲ ಮರೆಯುತ್ತಿದೆ. ಆ ಮರೆವು ಈ ಆಟದ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ.

‘ಸೂಪರ್ ಮಾರಿಯೊ ಬ್ರದರ್ಸ್’ ಜಪಾನಿನಲ್ಲಿ ಬಿಡುಗಡೆಯಾದದ್ದು 1985ರ ಸೆಪ್ಟೆಂಬರ್ 13ರಂದು. ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಇದನ್ನು ರೂಪಿಸಿದರು; ಸಂಗೀತ ಕೋಜಿ ಕೊಂಡೊ ಅವರದು. ಎಡದಿಂದ ಬಲಕ್ಕೆ ಓಡುತ್ತ, ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ ಸಾಗುವ ಈ ಬಗೆಯ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂದು ಹೆಸರು. ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ 32 ಹಂತಗಳು. ಇಷ್ಟೆಲ್ಲವೂ ಅಡಗಿರುವುದು ಕೇವಲ 40 ಕಿಲೋಬೈಟಿನಲ್ಲಿ. ಇಂದು ಮೊಬೈಲಿನಲ್ಲಿ ಬರುವ ಒಂದು ‘ಶುಭೋದಯ’ದ ಚಿತ್ರವೂ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಸಾಲದೆಂದು ಅವರು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಳಸಿ, ಬಣ್ಣವನ್ನಷ್ಟೇ ಬದಲಿಸಿದರು. ಮಿತವ್ಯಯದಿಂದ ಹುಟ್ಟಿದ ಈ ಸೊಬಗು ವಚನ ಓದಿ ಬೆಳೆದ ನಮಗೆ ಅಪರಿಚಿತವಾಗಬಾರದು.

ಮಾಸ್ತರನಾಗಿ ನನ್ನನ್ನು ಬೆರಗುಗೊಳಿಸಿದ್ದು ಅದರ ಮೊದಲ ಹಂತ. ಅಲ್ಲಿ ಪಾಠವಿದೆ, ಉಪದೇಶವಿಲ್ಲ. ಎದುರಿನಿಂದ ಒಂದು ಪ್ರಾಣಿ ನಡೆದು ಬರುತ್ತದೆ. ಸುಮ್ಮನೆ ನಿಂತರೆ ಮಾರಿಯೊ ಸಾಯುತ್ತಾನೆ, ಆಟ ಮತ್ತೆ ಮೊದಲಿನಿಂದ. ಜಿಗಿದರೆ ಬದುಕುತ್ತಾನೆ, ಜಿಗಿತದಲ್ಲಿ ತಲೆ ತಾಗಿದ ಇಟ್ಟಿಗೆ ನಾಣ್ಯ ಕೊಡುತ್ತದೆ. ಮುಂದಿನದರಿಂದ ಹೊರಬಿದ್ದ ಅಣಬೆ ಅಲ್ಲಿರುವ ಕೊಳವೆಗೆ ಬಡಿದು ಆಟಗಾರನ ಕಡೆಗೇ ತಿರುಗುತ್ತದೆ. ಯಾವ ಭಾಷೆಯ ಒಂದು ವಾಕ್ಯವೂ ಇಲ್ಲದೆ, ಒಂದು ನಿಮಿಷದೊಳಗೆ, ಮಗು ಆಟದ ವ್ಯಾಕರಣವನ್ನು ಕಲಿತುಬಿಡುತ್ತದೆ. ಇಂಗ್ಲಿಷ್ ಬಾರದ ಕನ್ನಡ ಶಾಲೆಯ ಹುಡುಗನೂ ಟೋಕಿಯೊದ ಹುಡುಗನೂ ಅಲ್ಲಿ ಒಂದೇ ಬೆಂಚಿನ ವಿದ್ಯಾರ್ಥಿಗಳು. ಶಿಕ್ಷಕರ ತರಬೇತಿಯಲ್ಲಿ ‘ಮಾಡಿ ಕಲಿ’ ಎಂದು ನಾವು ಪುಟಗಟ್ಟಲೆ ಬರೆದದ್ದನ್ನು ಈ ಆಟ ಮಾಡಿ ತೋರಿಸಿತು.

ಇದು ಹುಬ್ಬಳ್ಳಿ-ಧಾರವಾಡಕ್ಕೆ ಬಂದದ್ದು ಯಾವ ದಾರಿಯಿಂದ ಎಂಬುದನ್ನೂ ಹೇಳಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಯ ಅಂಗಡಿಗಳಲ್ಲಿ ನಾನು ಕಂಡ ಪೆಟ್ಟಿಗೆಗಳ ಮೇಲೆ ಮೂಲ ಕಂಪನಿಯ ಹೆಸರಿರಲಿಲ್ಲ. ಅವು ಅದರ ಯಂತ್ರದ ನಕಲುಗಳು. ಜೊತೆಗೊಂದು ಹಳದಿ ಕಾರ್ಟ್ರಿಜ್, ಅದರ ಮೇಲೆ ‘9999 ಆಟಗಳು’ ಎಂಬ ಘೋಷಣೆ; ಒಳಗೆ ನೋಡಿದರೆ ಕೆಲವೇ ಆಟಗಳು ಹೆಸರು ಬದಲಿಸಿಕೊಂಡು ಸಾಲುಗಟ್ಟಿ ನಿಂತಿರುತ್ತಿದ್ದವು. ಆ ಮಾರಾಟದಿಂದ ಮಿಯಾಮೊಟೊ ಅವರಿಗಾಗಲಿ ಕೊಂಡೊ ಅವರಿಗಾಗಲಿ ಒಂದು ಪೈಸೆಯೂ ಸಂದಿರಲಾರದು. ಇದು ನ್ಯಾಯವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಊರಿನ ಒಂದು ತಲೆಮಾರಿಗೆ ಬೇರೆ ಬಾಗಿಲು ತೆರೆದಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಅಧಿಕೃತ ಬಾಗಿಲಿನ ಕಥೆ ಕೇಳಿ. 1993ರಲ್ಲಿ ‘ಸೂಪರ್ ಮಾರಿಯೊ ಆಲ್-ಸ್ಟಾರ್ಸ್’ ಎಂಬ ಸಂಕಲನದಲ್ಲಿ ಈ ಆಟ ಮತ್ತೆ ಬಂತು. ಚಿತ್ರಗಳನ್ನು ಹೊಸದಾಗಿ ಬರೆದರು. ಅಷ್ಟೇ ಅಲ್ಲ, ತಲೆಯಿಂದ ಇಟ್ಟಿಗೆ ಒಡೆದಾಗ ಮಾರಿಯೊ ಕೆಳಗೆ ಪುಟಿಯುವ ಬದಲು ಮೇಲಕ್ಕೇ ಸಾಗುವಂತಾಯಿತು. 1999ರ ‘ಡೀಲಕ್ಸ್’ ಆವೃತ್ತಿ ಅಂಗೈಯಗಲದ ಯಂತ್ರಕ್ಕಾಗಿ ಬಂದದ್ದು. ಪರದೆ ಕಿರಿದಾದ್ದರಿಂದ ಆಟಗಾರನಿಗೆ ಮುಂದಿನ ಹೊಂಡ ಮೊದಲಿನಷ್ಟು ದೂರದಿಂದ ಕಾಣದಾಯಿತು. ಕಲಬುರ್ಗಿಯವರು ಗ್ರಂಥಸಂಪಾದನೆಯ ಶಾಸ್ತ್ರವನ್ನು ಪಾಠ ಹೇಳಿದ ಊರಿನವರು ನಾವು. ಲಿಪಿಕಾರನ ಕೈಯಲ್ಲಿ ಒಂದು ಅಕ್ಷರ ಜಾರಿದರೂ ಪಾಠಾಂತರವೆಂದು ಅಡಿಟಿಪ್ಪಣಿ ಬರೆಯುವವರು. ಜಿಗಿತವೇ ಜೀವವಾದ ಆಟದಲ್ಲಿ ಜಿಗಿತದ ನಡೆಯೇ ಬದಲಾದರೆ ಅದನ್ನು ಪಾಠಾಂತರ ಎನ್ನದೆ ಮತ್ತೇನೆನ್ನಬೇಕು?

ತಿದ್ದುಪಡಿಯನ್ನಾದರೂ ಕ್ಷಮಿಸೋಣ, ಹಿಂದೆಗೆತವನ್ನು ಹೇಗೆ ಕ್ಷಮಿಸುವುದು? 2006ರಿಂದ ‘ವೀ’ ಯಂತ್ರದ ಅಂತರಜಾಲ ಅಂಗಡಿಯಲ್ಲಿ ಈ ಆಟ ಮಾರಾಟಕ್ಕಿತ್ತು. ಆ ಅಂಗಡಿ 2019ರ ಜನವರಿ 30ರಂದು ಮುಚ್ಚಿತು. ಅನಂತರದ ಎರಡು ಯಂತ್ರಗಳ ಅಂಗಡಿಗಳಿಗೆ 2023ರ ಮಾರ್ಚ್ 27ರಂದು ಬೀಗ ಬಿತ್ತು. 2016ರ ನವೆಂಬರಿನಲ್ಲಿ 30 ಹಳೆಯ ಆಟಗಳನ್ನು ತುಂಬಿದ ಪುಟ್ಟ ಪೆಟ್ಟಿಗೆಯೊಂದು ಬಂತು. ಜನ ಮುಗಿಬಿದ್ದು ಕೊಳ್ಳುತ್ತಿರುವಾಗಲೇ, ಕೆಲವೇ ತಿಂಗಳಲ್ಲಿ, ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು. 2018ರಲ್ಲಿ ಮತ್ತೆ ತಂದರು. 35ನೆಯ ವರ್ಷದ ಉತ್ಸವವಂತೂ ಎಲ್ಲಕ್ಕೂ ಕಳಶವಿಟ್ಟಿತು. ಈ ಆಟವನ್ನೊಳಗೊಂಡ ಕೈಯಂತ್ರವೊಂದನ್ನು 2020ರ ನವೆಂಬರಿನಿಂದ 2021ರ ಮಾರ್ಚ್ 31ರವರೆಗೆ ಮಾತ್ರ ಮಾರುವುದಾಗಿ ಮೊದಲೇ ಸಾರಿದರು. 35 ಜನ ಏಕಕಾಲಕ್ಕೆ ಆಡುವ ಇನ್ನೊಂದು ರೂಪವನ್ನು ಅದೇ ಮಾರ್ಚಿನ ಕೊನೆಗೆ ಮುಗಿಸಿಯೇಬಿಟ್ಟರು. 2018ರಿಂದ ಚಾಲ್ತಿಗೆ ಬಂದ ವ್ಯವಸ್ಥೆಯಲ್ಲಿ ಆಟಕ್ಕೆ ಚಂದಾ ಕೊಡಬೇಕು. ಚಂದಾ ನಿಂತರೆ ಆಟವೂ ನಿಂತಿತು.

ಈ ಆಟದಲ್ಲಿ ಮೊದಲ ಏಳು ಕೋಟೆಗಳನ್ನು ಗೆದ್ದಾಗಲೂ ಸಿಗುವುದು ಒಂದೇ ಸಂದೇಶ: ರಾಜಕುಮಾರಿ ಇಲ್ಲಿಲ್ಲ, ಬೇರೊಂದು ಕೋಟೆಯಲ್ಲಿದ್ದಾಳೆ. ಮಾರಿಯೊಗಾದರೋ ಎಂಟನೆಯ ಕೋಟೆಯಲ್ಲಿ ಆಕೆ ಸಿಗುತ್ತಾಳೆ. ಕೊಂಡವನಿಗೆ ಆ ಭಾಗ್ಯವೂ ಇಲ್ಲ.

‘ಅವರ ಸೊತ್ತು, ಅವರಿಷ್ಟ’ ಎನ್ನುವವರಿದ್ದಾರೆ. ಈ ವಾದ ಕೇಳಲು ನ್ಯಾಯವಾಗಿದೆ, ಆದರೆ ಅರ್ಧ ಮಾತ್ರ. ಮನೋಹರ ಗ್ರಂಥಮಾಲೆ ಒಂದು ಪುಸ್ತಕವನ್ನು ಮರುಮುದ್ರಿಸದಿರಬಹುದು, ಅದು ಪ್ರಕಾಶಕರ ಹಕ್ಕು; ಆದರೆ ನಾನು ಕೊಂಡ ಪ್ರತಿಯನ್ನು ನನ್ನ ಕಪಾಟಿನಿಂದ ಎತ್ತಿಕೊಂಡು ಹೋಗುವಂತಿಲ್ಲ. ಆ ಪ್ರತಿಯನ್ನು ನಾನು ಮೊಮ್ಮಗಳಿಗೆ ಕೊಡಬಹುದು, ವಾಚನಾಲಯಕ್ಕೆ ದಾನ ಮಾಡಬಹುದು, ರದ್ದಿಗೂ ಹಾಕಬಹುದು. ಮರುಮುದ್ರಣವೆಂದರೆ ಲೋಕದಲ್ಲಿ ಪ್ರತಿಗಳು ಹೆಚ್ಚುವುದು. ಚಂದಾ ಪದ್ಧತಿಯ ಮರುಬಿಡುಗಡೆಯಲ್ಲಿ ಒಂದು ಪ್ರತಿಯೂ ಹೆಚ್ಚುವುದಿಲ್ಲ. ಇರುವುದು ಬಾಡಿಗೆ, ಅದೂ ಮಾಲೀಕನಿಗೆ ಮನಸ್ಸಿರುವವರೆಗೆ.

ಇಲ್ಲಿ ನಮ್ಮ ಕಾನೂನಿನ ವಿಚಿತ್ರವನ್ನು ಗಮನಿಸಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮು ‘ಸಾಹಿತ್ಯ ಕೃತಿ’. ಕಾದಂಬರಿಗಿರುವ ರಕ್ಷಣೆ ಅದಕ್ಕೂ ಇದೆ: ಕರ್ತೃವಿನ ಜೀವಿತಾವಧಿ ಮತ್ತು ಆತನ ಮರಣಾನಂತರ 60 ವರ್ಷ. ಆದರೆ ಕಾದಂಬರಿಗೆ ಹಕ್ಕಿನ ಜೊತೆ ಒಂದು ಹೊಣೆಯೂ ಇದೆ. 1954ರ ಗ್ರಂಥ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಾಶಕನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಸ್ವಂತ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ಆ ಹೊಣೆ ವಿಡಿಯೊ ಗೇಮಿಗೆ ಇಲ್ಲ. ಹಕ್ಕು ಕೇಳುವಾಗ ಸಾಹಿತ್ಯ, ಹೊಣೆ ಹೊರುವಾಗ ಸರಕು! ಫ್ರಾನ್ಸ್ ದೇಶ 1992ರ ಕಾಯ್ದೆಯಿಂದಲೇ ಇಂಥ ಕೃತಿಗಳನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕೆಂದು ವಿಧಿಸಿತು. ಜಪಾನಿನ ಸಂಸತ್ ಗ್ರಂಥಾಲಯ 2000ರಿಂದ ಆಟದ ಡಿಸ್ಕು-ಕಾರ್ಟ್ರಿಜುಗಳನ್ನು ಸಂಗ್ರಹಿಸುತ್ತ ಬಂದಿದೆ. ಅವರು ಮಾಡಬಹುದಾದದ್ದು ನಮಗೇಕೆ ಅಸಾಧ್ಯ?

‘ಮಕ್ಕಳನ್ನು ಕೆಡಿಸುವ ಆಟ, ಹೋದರೆ ಹೋಗಲಿ ಬಿಡಿ’ ಎನ್ನುವ ಸಹೋದ್ಯೋಗಿಗಳಿಗೂ ಒಂದು ಮಾತು. ನಾಟಕ, ಸಿನಿಮಾ ನೋಡಿದರೆ ಹುಡುಗರು ಕೆಡುತ್ತಾರೆ ಎಂದ ಹಿರಿಯರೂ ಈ ನಾಡಿನಲ್ಲಿ ಇದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ 30 ವರ್ಷ ತಡವಾಗಿ. ಆ ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಅವಕಾಶವೂ ನಮಗೆ ಉಳಿದಿಲ್ಲ. ಇಷ್ಟವಿಲ್ಲದ್ದನ್ನು ಟೀಕಿಸುವುದಕ್ಕಾದರೂ ಅದು ಇರಬೇಕಲ್ಲ!

ಮಾರಿಯೊ ಸಿರಿವಂತ ಕಂಪನಿಯ ಮುದ್ದಿನ ಮಗ. ಅವನು ಪೂರ್ತಿ ನಾಶವಾಗಲಾರ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಹಿಂದೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಮರುಬಿಡುಗಡೆಯ ಭಾಗ್ಯ ಉಳಿದ ಕೆಲವಕ್ಕೆ ಮಾತ್ರ. ಹಾಗಿರುವಾಗ ಹುಬ್ಬಳ್ಳಿಯ ತರುಣಿಯೊಬ್ಬಳು ಕನ್ನಡದಲ್ಲಿ ಒಂದು ಆಟ ಬರೆದರೆ ಅದರ ಗತಿಯೇನು? ಅದು ಮೊಬೈಲ್ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಇದ್ದೀತು. 2017ರಲ್ಲಿ ಆಪಲ್ ಕಂಪನಿ ತನ್ನ ಐಫೋನಿನ ತಂತ್ರಾಂಶ ಬದಲಿಸಿದಾಗ, ಹಳೆಯ 32 ಬಿಟ್ ವಿನ್ಯಾಸದ ಆಟಗಳಲ್ಲಿ ನವೀಕರಣಗೊಳ್ಳದವೆಲ್ಲ ಹೊಸ ತಂತ್ರಾಂಶದಲ್ಲಿ ಒಮ್ಮೆಲೆ ಮೂಕವಾದವು. ಆಕೆಯ ಆಟವೂ ಹಾಗೆಯೇ ಹೋಗುತ್ತದೆ. 30 ವರ್ಷಗಳ ನಂತರ ‘ಕನ್ನಡದ ಮೊದಲ ಆಟಗಳು ಯಾವುವು’ ಎಂದು ಸಂಶೋಧಕನೊಬ್ಬ ಹುಡುಕಿದರೆ ಅವನಿಗೆ ದೊರೆಯುವುದು ಬರಿಯ ಹೆಸರುಗಳು, ‘ಸತಿ ಸುಲೋಚನ’ದ ಹಾಗೆ.

ಆದ್ದರಿಂದ ನನ್ನ ಬೇಡಿಕೆ ಮೂರು. 1954ರ ಕಾಯ್ದೆಯನ್ನು ವಿಸ್ತರಿಸಿ, ಭಾರತದಲ್ಲಿ ಪ್ರಕಟವಾಗುವ ಆಟಗಳ ಪ್ರತಿಯನ್ನೂ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸುವಂತೆ ಮಾಡಬೇಕು. ಕಂಪನಿ ತಾನೇ ಮಾರಾಟ ನಿಲ್ಲಿಸಿದ ಆಟವನ್ನು ಗ್ರಂಥಾಲಯದೊಳಗೆ ಕುಳಿತು ನೋಡುವ, ಆಡುವ, ಅಭ್ಯಸಿಸುವ ಹಕ್ಕು ಓದುಗನಿಗೆ ಸಿಗಬೇಕು. ಮಾರಾಟ ನಡೆದಿರುವವರೆಗೆ ಕಂಪನಿಯ ಲಾಭಕ್ಕೆ ಯಾರೂ ಅಡ್ಡಬರುವುದಿಲ್ಲ. ಮೂರನೆಯದಾಗಿ, ತಾಳೆಗರಿಗಳನ್ನು ಕಾಪಾಡಿಕೊಂಡು ಬಂದ ನಮ್ಮ ಕರ್ನಾಟಕ ವಿಶ್ವವಿದ್ಯಾಲಯವು ಕನ್ನಡದ ಆಟಗಳಿಗಾಗಿ ಒಂದು ಕೋಣೆಯನ್ನು ತೆಗೆದಿಡಲಿ. ತಾಳೆಗರಿಗೆ ಹುಳದ ಭಯ, ಆಟಕ್ಕೆ ಬೀಗದ ಭಯ. ಹುಳವಾದರೂ ನಿಧಾನವಾಗಿ ತಿನ್ನುತ್ತದೆ.

ಓದುಗ ಮಿತ್ರರೇ, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪೆಟ್ಟಿಗೆ, ಹಳದಿ ಕಾರ್ಟ್ರಿಜ್ ಇದ್ದರೆ ಈ ದೀಪಾವಳಿಯ ಸ್ವಚ್ಛತೆಯಲ್ಲಿ ಅವನ್ನು ರದ್ದಿಯವನಿಗೆ ಕೊಡಬೇಡಿ. ನಿಮ್ಮ ಮಕ್ಕಳು ತಾವೇ ಆಟ ಬರೆದಿದ್ದರೆ ಅದರ ಒಂದು ಪ್ರತಿಯನ್ನು ಅಂಗಡಿಯ ಹೊರಗೆ, ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಲು ಹೇಳಿ. ಕಾಯ್ದೆ ಬರುವವರೆಗೆ ಗ್ರಂಥಪಾಲಕರ ಕೆಲಸವನ್ನು ನಾವೇ ಮಾಡಬೇಕಾಗಿದೆ.