ಮಣ್ಣಿನೊಳಗಿನ ಹಗೆ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯು ಕನಕದಾಸರ ಕರ್ಮಭೂಮಿ. ಅವರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಹಿರಿತನಕ್ಕಾಗಿ ವಾದ ನಡೆಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಕೆಡದೆ ಉಳಿದು ಗೆಲ್ಲುತ್ತದೆ. ಕಷ್ಟಕಾಲವನ್ನು ತಾಳಿಕೊಳ್ಳುವುದು ಹಿರಿಯ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಗುಣವು ಮಾನವನ ಮಿತ್ರರಿಗೆ ಮಾತ್ರ ಮೀಸಲಲ್ಲ. ಹೊಲದ ಒಂದು ಹಿಡಿ ಮಣ್ಣಿನಲ್ಲಿ, ತಾಳಿಕೆಯಲ್ಲಿ ರಾಗಿಯನ್ನೂ ಮೀರಿಸುವ ಸೂಕ್ಷ್ಮಜೀವಿಗಳುಂಟು.

ಕೆಲವು ಜಾತಿಯ ಬ್ಯಾಕ್ಟೀರಿಯಗಳು ಆಹಾರ ದೊರೆಯದಾದಾಗ ತಮ್ಮ ಜೀವಸಾರವನ್ನು ದಪ್ಪ ಕವಚದೊಳಗೆ ಅಡಗಿಸಿಕೊಂಡು ಬೀಜಾಣುಗಳಾಗುತ್ತವೆ. ಆಗ ಅವು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಸುಮ್ಮನೆ ಕಾಯುತ್ತವೆ. ಕುದಿಯುವ ನೀರಿಗೂ ಜಗ್ಗದ ಇಂತಹ ಬೀಜಾಣುಗಳನ್ನು ಜರ್ಮನಿಯ ವಿಜ್ಞಾನಿ ಫರ್ಡಿನಾಂಡ್ ಕೋನ್ 1876ರಲ್ಲಿ ವಿವರಿಸಿದರು. ದನಕರುಗಳನ್ನು ಕೊಲ್ಲುವ ನೆರಡಿ ರೋಗದ ಬ್ಯಾಕ್ಟೀರಿಯವೂ ಬೀಜಾಣುವಾಗಿ ಉಳಿದು ಮತ್ತೆ ರೋಗವನ್ನು ಹರಡಬಲ್ಲುದೆಂದು ಅದೇ ವರ್ಷ ರಾಬರ್ಟ್ ಕಾಕ್ ತೋರಿಸಿದರು. ಇವನ್ನು ಕೊಲ್ಲಲು ಆಸ್ಪತ್ರೆಗಳಲ್ಲಿ ಒತ್ತಡದ ಹಬೆಯನ್ನು 121 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, 15 ನಿಮಿಷಗಳಾದರೂ ಹಾಯಿಸಬೇಕಾಗುತ್ತದೆ.

ಈ ಸಂಗತಿ ಅಡುಗೆಮನೆಗೂ ಸಂಬಂಧಿಸಿದ್ದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಅನ್ನ ಬೆಂದರೂ ಉಳಿಯಬಲ್ಲವು. ಅನ್ನವು ಗಂಟೆಗಟ್ಟಲೆ ಉಗುರುಬೆಚ್ಚಗಿದ್ದರೆ ಅವು ಎಚ್ಚೆತ್ತು ಬೆಳೆದು, ವಾಂತಿಯನ್ನುಂಟುಮಾಡುವ ವಿಷವನ್ನು ಸುರಿಸುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷ ಅಳಿಯದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೂ ಈ ಮಾತು ಸಲ್ಲುತ್ತದೆ. ಬರಿನೆಲದ ಮೇಲೆ ಹರಡಿದರೆ ಧೂಳಿನೊಡನೆ ಬೀಜಾಣುಗಳೂ ಅದಕ್ಕೆ ಅಂಟುತ್ತವೆ. ಕಾಯಿಯನ್ನು ಒಣಗಿಸುವ ಬಿಸಿಲು ಅವುಗಳನ್ನೆಲ್ಲ ಕೊಲ್ಲಲಾರದು.

ಪ್ರಬಲವಾದ ಔಷಧಿಗಳಿರುವಾಗ ಇಷ್ಟು ಚಿಂತೆಯೇಕೆ ಎಂದು ಕೇಳುವವರುಂಟು. ಆದರೆ ಬೆಳೆಯುವ ಬ್ಯಾಕ್ಟೀರಿಯವನ್ನು ಕೊಲ್ಲುವ ಪ್ರತಿಜೈವಿಕ ಔಷಧಿಗಳು ನಿದ್ರಿಸುವ ಬೀಜಾಣುವಿನ ಮುಂದೆ ನಿಷ್ಫಲವಾಗುತ್ತವೆ. ವೈದ್ಯರ ಸಲಹೆಯಿಲ್ಲದೆ ಅವುಗಳನ್ನು ಮನಬಂದಂತೆ ನುಂಗಿದರೆ, ಔಷಧಿಗೇ ಮಣಿಯದ ಬೇರೆ ಬ್ಯಾಕ್ಟೀರಿಯಗಳು ಮೇಲುಗೈ ಪಡೆಯುತ್ತವೆ. ಬಲದಿಂದಲೇ ಗೆಲ್ಲುವೆನೆಂಬ ಹಟವು ಹಗೆಯ ಬಲವನ್ನೇ ಹೆಚ್ಚಿಸುತ್ತದೆ.

ಗೆಲುವಿನ ಸರಿಯಾದ ದಾರಿಯನ್ನು ಧನುರ್ವಾಯುವಿನ ಕಥೆ ತೋರಿಸುತ್ತದೆ. ಅದರ ಬೀಜಾಣುಗಳು ಮಣ್ಣಿನಲ್ಲೆಲ್ಲ ಹರಡಿವೆ; ಅವುಗಳನ್ನು ನಿರ್ಮೂಲ ಮಾಡುವುದು ಅಸಾಧ್ಯ. ಹಿಂದೆ ಅಶುದ್ಧವಾದ ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕತ್ತರಿಸಿದಾಗ ಎಳೆಯ ಕೂಸುಗಳು ಈ ರೋಗಕ್ಕೆ ಬಲಿಯಾಗುತ್ತಿದ್ದವು. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ, ಶುದ್ಧವಾದ ಅಲಗು ಇವುಗಳ ಫಲವಾಗಿ, ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂದು 2015ರಲ್ಲಿ ದೃಢಪಟ್ಟಿತು. ಹಗೆ ಮಣ್ಣಿನಲ್ಲಿ ಹಾಗೆಯೇ ಉಳಿದಿದೆ; ಸೋತದ್ದು ರೋಗ.

ಆದುದರಿಂದ ಕಣ್ಣಿಗೆ ಕಾಣದ ಹಗೆಯನ್ನು ಎದುರಿಸಲು ಆವೇಶಕ್ಕಿಂತ ಶಿಸ್ತು ಮುಖ್ಯ. ಕೈ ತೊಳೆಯುವುದು, ಗಾಯವನ್ನು ಶುಚಿಗೊಳಿಸುವುದು, ಲಸಿಕೆಯನ್ನು ಕಾಲಕ್ಕೆ ಸರಿಯಾಗಿ ಪಡೆಯುವುದು, ಕಾಳುಕಡಿಯನ್ನು ಶುಭ್ರವಾದ ಕಣದಲ್ಲಿ ಒಣಗಿಸುವುದು ಇವೆಲ್ಲ ಸಣ್ಣ ಕೆಲಸಗಳೆಂದು ಉಪೇಕ್ಷಿಸಲಾಗದು. ಬೀಜಾಣುವಿನ ತಾಳ್ಮೆ ದೊಡ್ಡದು. ಅದನ್ನು ಗೆಲ್ಲಬೇಕಾದ ಮಾನವನ ಎಚ್ಚರ ಅದಕ್ಕಿಂತ ದೊಡ್ಡದಾಗಿರಬೇಕು.