ಮಲ್ಲಿತಮ್ಮ ಯಾರು? ಹೇಳಿ ನೋಡೋಣ!

ಕನ್ನಡದ ಹುಡುಗರೇ, ಹುಡುಗಿಯರೇ, ನಿಮಗೊಂದು ಪ್ರಶ್ನೆ. ಮಲ್ಲಿತಮ್ಮ ಯಾರು?

ತಲೆ ಕೆರೆದುಕೊಳ್ಳಬೇಡಿ. ಅದು ಯಾವುದೋ ಹಳ್ಳಿಯ ಅಜ್ಜಿಯ ಹೆಸರಲ್ಲ. ಮಲ್ಲಿತಮ್ಮ ಗಂಡಸು, ಹೊಯ್ಸಳರ ಕಾಲದ ಶಿಲ್ಪಿ. ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ 1268ರ ಹೊತ್ತಿಗೆ ಎದ್ದು ನಿಂತ ಕೇಶವ ದೇವಾಲಯದ ಹೊರಗೋಡೆಯಲ್ಲಿ 40ರಷ್ಟು ಉಬ್ಬುಶಿಲ್ಪಗಳನ್ನು ಕಡೆದವನು. ಕಡೆದು ಸುಮ್ಮನಾಗಲಿಲ್ಲ. ವಿಗ್ರಹದ ಪಾದದ ಕೆಳಗೆ ಪೀಠದ ಮೇಲೆ ತನ್ನ ಹೆಸರನ್ನು ಕೊರೆದ. ಯಾವ ಅಕ್ಷರದಲ್ಲಿ? ಕನ್ನಡ ಅಕ್ಷರದಲ್ಲಿ! ಕೆಲವು ಕಡೆ 'ಮಲ್ಲಿ' ಎಂದಷ್ಟೇ ಇದೆ. ಇನ್ನು ಕೆಲವು ಕಡೆ ಬರೀ 'ಮ'. 

ಇಟಲಿಯ ಮೈಕೆಲೇಂಜೆಲೊ ಹೆಸರು ನಮ್ಮ ಪಿಯುಸಿ ಹುಡುಗನಿಗೂ ಗೊತ್ತು. ಗೊತ್ತಿರಲಿ, ತಪ್ಪೇನಿಲ್ಲ. ಆದರೆ ಆತ ಹುಟ್ಟಿದ್ದು 1475ರಲ್ಲಿ. ಅದಕ್ಕೂ ಇನ್ನೂರು ವರ್ಷ ಮೊದಲೇ ನಮ್ಮ ಕಾವೇರಿ ಸೀಮೆಯಲ್ಲಿ ಕಲ್ಲಿಗೆ ಸಹಿ ಹಾಕಿದವನ ಹೆಸರು ನಮಗೆ ಗೊತ್ತಿಲ್ಲ ಎಂದರೆ ಅದನ್ನು ಏನೆಂದು ಕರೆಯೋಣ?

ಮಲ್ಲಿತಮ್ಮ ಒಬ್ಬನೇ ಅಲ್ಲ. ಸೋಮನಾಥಪುರದ ಗೋಡೆಯಲ್ಲೇ ಬಾಲೆಯ, ಚೌಡೆಯ, ಮಸಣಿತಮ್ಮ ಮುಂತಾದವರ ಹೆಸರುಗಳಿವೆ. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯಕ್ಕೆ ಹೋಗಿ. ಮದನಿಕೆಯರ ಎದುರು ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಮದನಿಕೆಯರಲ್ಲಿ ಕೆಲವರನ್ನು ಕಡೆದವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಬಳ್ಳಿಗಾವೆ ಎಂದರೆ ಇಂದಿನ ಶಿಕಾರಿಪುರ ತಾಲ್ಲೂಕು. ಅಪ್ಪ, ಮಗ ಇಬ್ಬರೂ ಅಷ್ಟು ದೂರದಿಂದ ಬಂದು ಕೆಲಸ ಮಾಡಿದರು, ಹೆಸರು ಬರೆದರು. ಬರೀ ಹೆಸರಲ್ಲ, ಜೊತೆಗೆ ಬಿರುದು ಬೇರೆ! ಎದುರಾಳಿ ಶಿಲ್ಪಿಗಳನ್ನು ಸೋಲಿಸಿದವನು ಎಂಬ ಅರ್ಥದ ಬಿರುದುಗಳು. ಕೈಯಲ್ಲಿ ಕಸುಬಿದ್ದವನಿಗೆ ಇದ್ದ ಸೊಕ್ಕು ಅದು. ಒಳ್ಳೆಯ ಸೊಕ್ಕು.

ನನ್ನ ಓದು ಪಿಯುಸಿಗೆ ನಿಂತಿತು. ಇತಿಹಾಸದ ಪಂಡಿತ ನಾನಲ್ಲ. ಆದರೆ ಮುದ್ರಣಾಲಯ ನಡೆಸುವವನು. ಅಕ್ಷರದಿಂದಲೇ ನನ್ನ ಅನ್ನ. ಹಳೆಯ ಟ್ರೆಡಲ್ ಮೆಷಿನ್ನಿನ ಸೀಸದ ಮೊಳೆಯೂ ಒಂದು ಪುಟ್ಟ ಉಬ್ಬುಶಿಲ್ಪವೇ. ಅಕ್ಷರ ಮೇಲೆದ್ದಿರುತ್ತದೆ, ಸುತ್ತಲಿನ ಜಾಗ ತಗ್ಗಿರುತ್ತದೆ. ಶಿಲ್ಪಿಯದೂ ಇದೇ ಲೆಕ್ಕ. ಬೇಡದ್ದನ್ನು ಕೆತ್ತಿ ತೆಗೆದರೆ ಬೇಕಾದ ರೂಪ ಉಳಿಯುತ್ತದೆ. ಹೊಯ್ಸಳರ ಶಿಲ್ಪಿಗಳು ಆರಿಸಿಕೊಂಡಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಅದಕ್ಕೇ ಸರದ ಒಂದೊಂದು ಮಣಿ, ಬೆರಳಿನ ಉಗುರು ಕೂಡ ಇಂದಿಗೂ ಎದ್ದು ಕಾಣುತ್ತವೆ. ಅದಕ್ಕೇ ಸಹಿಯೂ ಉಳಿಯಿತು.

ಚುನಾವಣೆಯ ಕರಪತ್ರ ಅಚ್ಚು ಹಾಕಿದರೆ ಮುದ್ರಕನ ಹೆಸರು, ವಿಳಾಸ ಹಾಕಲೇಬೇಕು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಹಾಗೆ ಹೇಳುತ್ತದೆ. ನಾವು ಹೆಸರು ಹಾಕುವುದು ಕಾನೂನಿನ ಭಯಕ್ಕೆ. ಮಲ್ಲಿತಮ್ಮ ಹೆಸರು ಹಾಕಿದ್ದು ಕೆಲಸದ ಮೇಲಿನ ಹೆಮ್ಮೆಗೆ. ವ್ಯತ್ಯಾಸ ನೋಡಿ!

ಇನ್ನೊಂದು ತಮಾಷೆ ಕೇಳಿ. ಆ ಕಾಲದಲ್ಲಿ ಶಿಲ್ಪಿಯನ್ನು 'ರೂವಾರಿ' ಎನ್ನುತ್ತಿದ್ದರು. ರೂಪ ಕೊಡುವವನು ಎಂದರ್ಥ. ಇಂದಿನ ಪತ್ರಿಕೆ ತೆರೆಯಿರಿ. ಮೇಲ್ಸೇತುವೆಯ ರೂವಾರಿ ಮಂತ್ರಿಗಳು, ಬಡಾವಣೆಯ ರೂವಾರಿ ಶಾಸಕರು! ಉಳಿ ಹಿಡಿದವನ ಬಿರುದನ್ನು ಕತ್ತರಿ ಹಿಡಿದು ಟೇಪು ಕತ್ತರಿಸುವವನಿಗೆ ಕೊಟ್ಟುಬಿಟ್ಟೆವು. ನಿಜವಾದ ರೂವಾರಿಗಳು ಗೋಡೆಯ ಮೇಲೆ ಅನಾಥರಾಗಿದ್ದಾರೆ.

"ಬೇಲೂರು ಕಟ್ಟಿದವನು ಜಕಣಾಚಾರಿ ಅಲ್ಲವೇ?" ಎಂದು ಕೇಳುತ್ತೀರಿ. ಕೈದಾಳದ ಕಥೆ, ಕಪ್ಪೆ ಚೆನ್ನಿಗರಾಯನ ಕಥೆ ನನಗೂ ಇಷ್ಟ. 1964ರಲ್ಲಿ ಬಂದ 'ಅಮರಶಿಲ್ಪಿ ಜಕಣಾಚಾರಿ' ಸಿನಿಮಾ ಆ ಹೆಸರನ್ನು ಮನೆಮನೆಗೆ ತಲುಪಿಸಿತು. ಕಥೆ ಕಥೆಯಾಗಿ ಬಾಳಲಿ. ಆದರೆ ಬೇಲೂರಿನಲ್ಲಿ ವಿದ್ವಾಂಸರು ಓದಿರುವ ಸಹಿಗಳಲ್ಲಿ ಜಕಣನ ಹೆಸರಿಲ್ಲ, ದಾಸೋಜನ ಹೆಸರಿದೆ, ಚಾವಣನ ಹೆಸರಿದೆ. ಕಥೆಯ ಶಿಲ್ಪಿಗೆ ಜೈಕಾರ ಹಾಕಿ, ಸಹಿ ಹಾಕಿದ ಶಿಲ್ಪಿಗಳನ್ನು ಮರೆಯುವುದು ಯಾವ ನ್ಯಾಯ?

ಈ ಸಹಿಗಳನ್ನು ಯಾರೂ ಓದಿಲ್ಲವೆಂದಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಬಗ್ಗೆ 1917ರಲ್ಲಿ, ಬೇಲೂರಿನ ಬಗ್ಗೆ 1919ರಲ್ಲಿ ಪುಸ್ತಕ ತಂದರು. ಅವೆರಡೂ ಇಂಗ್ಲಿಷಿನಲ್ಲಿದ್ದವು. 'ಕರ್ಣಾಟಕ ಕವಿಚರಿತೆ' ಬರೆದವರೂ ಅವರೇ, ಅದು ಕನ್ನಡದಲ್ಲಿತ್ತು. ಕವಿಗಳ ಹೆಸರು ಪಾಠಪುಸ್ತಕ ಸೇರಿದವು. ಶಿಲ್ಪಿಗಳ ಹೆಸರು ಲೈಬ್ರರಿಯ ಬೀರುವಿನಲ್ಲೇ ಉಳಿದವು. ಆಮೇಲೆ ಷ. ಶೆಟ್ಟರ್ ಅವರಂಥ ದೊಡ್ಡ ವಿದ್ವಾಂಸರೂ ಈ ಶಿಲ್ಪಿಗಳ ಬಗ್ಗೆ ದುಡಿದರು. ಆದರೆ ಪಂಡಿತರ ಮೇಜಿನಿಂದ ನಮ್ಮ ಬೀದಿಗೆ ಆ ಹೆಸರುಗಳು ಇಳಿಯಲಿಲ್ಲ. ಇಳಿಸಬೇಕಾದವರು ನಾವು.

ಕೆಲವು ಗೆಳೆಯರು ಹೇಳುತ್ತಾರೆ: "ಅಣ್ಣಾ, ಕೆಲಸ ಸಿಗದೆ ಹುಡುಗರು ಅಲೆಯುತ್ತಿದ್ದಾರೆ. ಬ್ಯಾಂಕಿನಲ್ಲಿ ಕನ್ನಡವಿಲ್ಲ. ನೀವು ಹಳೇ ಕಲ್ಲಿನ ಮಾತಾಡುತ್ತೀರಲ್ಲ!" ಆ ಹೋರಾಟ ಬೇಡವೆಂದು ನಾನೆಲ್ಲಿ ಹೇಳಿದೆ? ಕನ್ನಡದಲ್ಲಿ ಬೋರ್ಡು ಹಾಕಿ ಎಂದು ಅಂಗಡಿಯವನನ್ನು ಕೇಳುತ್ತೇವೆ, ಕೇಳಲೇಬೇಕು. ಆದರೆ ನಮ್ಮದೇ ಗೋಡೆಯ ಮೇಲೆ ನಮ್ಮವನೇ ಕನ್ನಡದಲ್ಲಿ ಬರೆದಿಟ್ಟ ಬೋರ್ಡನ್ನು ಓದದೆ ಬಂದರೆ ನಮ್ಮ ಮಾತಿಗೆ ತೂಕವೆಲ್ಲಿ? ಕನ್ನಡ ಬರೀ ಅರಮನೆಯ, ಕಾವ್ಯದ ಭಾಷೆಯಾಗಿರಲಿಲ್ಲ, ಉಳಿ ಹಿಡಿದು ದುಡಿದವನ ಭಾಷೆಯಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಪ್ರಪಂಚದ ಜನ ನೋಡಲು ಬರುತ್ತಾರೆ. ನಾವು ತೋರಿಸುವುದೇನನ್ನು? ರಾಜನ ಹೆಸರು, ದಂಡನಾಯಕನ ಹೆಸರು ಹೇಳುತ್ತೇವೆ. ದುಡ್ಡು ಕೊಟ್ಟವರ ಹೆಸರು ಬೇಕು, ಇರಲಿ. ಕಲ್ಲು ಕಡೆದವರ ಹೆಸರೂ ಬೇಕು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಸಹಿ ಇರುವ ಪ್ರತಿ ಶಿಲ್ಪದ ಹತ್ತಿರ, ಗೋಡೆಗೆ ತಾಗದಂತೆ, ಒಂದು ಚಿಕ್ಕ ಫಲಕ ಬರಲಿ. ಅದರಲ್ಲಿ ಹಳೆಯ ಅಕ್ಷರದ ಅಚ್ಚು, ಕೆಳಗೆ ಇಂದಿನ ಕನ್ನಡ ಅಕ್ಷರ, ಶಿಲ್ಪಿಯ ಹೆಸರು ಇರಲಿ. ಗೈಡುಗಳಿಗೆ ಈ ಹೆಸರುಗಳನ್ನು ಕಲಿಸಲಿ. ಶಾಲೆಯ ಪಾಠದಲ್ಲಿ ವಿಷ್ಣುವರ್ಧನನ ಪಕ್ಕದಲ್ಲಿ ದಾಸೋಜನಿಗೂ ಎರಡು ಸಾಲು ಕೊಡಲಿ. ಇದಕ್ಕೆ ಕೋಟಿ ಕೋಟಿ ಬೇಡ, ಮನಸ್ಸು ಬೇಕು. ಪುರಾತತ್ವ ಸರ್ವೇಕ್ಷಣೆಗೆ, ಪ್ರವಾಸೋದ್ಯಮ ಇಲಾಖೆಗೆ ಒಂದೊಂದು ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ಅಲ್ಲಿಯವರೆಗೆ ನೀವೇ ಹೋಗಿ ಹುಡುಕಿ. ಮೊಬೈಲಿನ ಟಾರ್ಚನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಗೀರಿನಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ಸೀಮೆಸುಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ, ಬೆರಳಲ್ಲಿ ಉಜ್ಜಬೇಡಿ. ಮೊಳೆಯಿಂದ ನಿಮ್ಮ ಹೆಸರು, ಹುಡುಗಿಯ ಹೆಸರು ಕೊರೆಯುವವರಿದ್ದರೆ ಕೇಳಿ: ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಬೀಳಬಹುದು. ಕಲ್ಲಿನ ಮೇಲೆ ಹೆಸರು ಬರೆಯುವ ಹಕ್ಕು ಆ ಕಲ್ಲಿಗೆ ಬೆವರು ಸುರಿಸಿದವನಿಗೆ ಮಾತ್ರ.

ಅವನು ಬರೆದಾಗಿದೆ. ಓದುವ ಸರದಿ ನಿಮ್ಮದು.